ಮುಖ ಓದುವ ಯಂತ್ರ ಯಾರ ಕೈಯಲ್ಲಿ?

ರಜೆಗೆಂದು ಚಳ್ಳಕೆರೆಗೆ ಬಂದಿದ್ದ ಅಕ್ಕನ ಮಗ ಫೋನಿನಲ್ಲಿ ಒಂದು ರೋಬೋಟ್ ತೋರಿಸಿದ. ಮನೆಯವರ ಮುಖ ನೋಡಿ, ದನಿ ಕೇಳಿ, ಖುಷಿಯಾಗಿದ್ದಾರೋ ನೊಂದಿದ್ದಾರೋ ಎಂದು ಊಹಿಸಿ ಮಾತಾಡಿಸುತ್ತದಂತೆ. ಜಪಾನಿನ ಸಾಫ್ಟ್‌ಬ್ಯಾಂಕ್ 2014ರಲ್ಲೇ 'ಪೆಪ್ಪರ್' ಎಂಬ ಇಂಥದ್ದನ್ನು ಪರಿಚಯಿಸಿತ್ತು. ನ್ಯೂಯಾರ್ಕ್ ರಾಜ್ಯ ಸರ್ಕಾರ 2022ರಲ್ಲಿ ಒಂಟಿತನದಲ್ಲಿರುವ ವೃದ್ಧರಿಗೆ ಮಾತಾಡುವ 'ಎಲಿಕ್ಯೂ' ಹಂಚುವುದಾಗಿ ಹೇಳಿತು. "ಚಿಕ್ಕಮ್ಮ, ಹೇಳಿಕೊಳ್ಳೋಕೆ ಯಾರೂ ಇಲ್ಲ ಅಂತೀರಲ್ಲ, ನಿಮ್ಮ ಹೆಂಗಸರಿಗೆ ಇದು ಒಳ್ಳೇದಲ್ವಾ?" ಎಂದ. ಒಂಟಿ ಮುದುಕಿಗೆ ಅದು ಆಸರೆಯಾದರೆ ಬೇಡವೆನ್ನಲು ನಾನ್ಯಾರು? ಆದರೆ ನನಗೆ ನೆನಪಾದದ್ದು ಮೊಳಕಾಲ್ಮೂರಿನ ಒಂದು ಮಗ್ಗದ ಮನೆ.

ರೇಷ್ಮೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಸೊಸೆಯ ಕಣ್ಣು ಕೆಂಪಾಗಿತ್ತು. "ಯಾಕಮ್ಮ?" ಎಂದೆ. "ಏನಿಲ್ಲಕ್ಕ, ಒಲೆ ಹೊಗೆ" ಎಂದು ನಕ್ಕಳು. ಅತ್ತೆ ಪಕ್ಕದಲ್ಲೇ ಕೂತಿದ್ದರು. ಆ ಮನೆಯಲ್ಲಿದ್ದದ್ದು ಗ್ಯಾಸ್ ಒಲೆ. ಆ ಸುಳ್ಳೇ ಅವಳ ರಕ್ಷಣೆ. ಬಾಕಿ ವರದಕ್ಷಿಣೆಗಾಗಿ ಹೊಡೆಯುವ ಸಂಗತಿ ಬಾಯಿಬಿಟ್ಟದ್ದು ನನ್ನ ಮೂರನೇ ಭೇಟಿಯಲ್ಲಿ, ನೀರು ತರುವ ನೆಪದಲ್ಲಿ ಹೊರಗೆ ಬಂದಾಗ. ಅಲ್ಲೊಂದು ಯಂತ್ರವಿದ್ದು, "ನೀವು ಅತ್ತಿದ್ದೀರಿ" ಎಂದು ಎಲ್ಲರೆದುರು ಹೇಳಿಬಿಟ್ಟಿದ್ದರೆ? ಒಬ್ಬಳೇ ಇದ್ದಾಗ ಅವಳು ಅದರ ಬಳಿ ಹೇಳಿಕೊಂಡದ್ದೆಲ್ಲ ಗಂಡನ ಫೋನಿಗೆ ಹೋಗಿದ್ದರೆ? ಕೊಂಡವನು ಅವನು, ಪಾಸ್‌ವರ್ಡೂ ಅವನದೇ. (ಸ್ಕೂಟರ್, ಫ್ರಿಜ್ ಆದ ಮೇಲೆ ನಾಳೆ ಇದೂ ವರದಕ್ಷಿಣೆಯ ಪಟ್ಟಿ ಸೇರಿದರೆ, ಕಾವಲಿನ ಖರ್ಚೂ ತವರಿನ ತಲೆಗೇ.)

2005ರ ಕೌಟುಂಬಿಕ ಹಿಂಸೆ ಕಾಯ್ದೆಯು ಮಾತಿನ ಹಾಗೂ ಭಾವನಾತ್ಮಕ ಹಿಂಸೆಯನ್ನೂ ಹಿಂಸೆ ಎಂದೇ ಪರಿಗಣಿಸುತ್ತದೆ. ಯಂತ್ರ ಕೇಳಿಸಿಕೊಂಡದ್ದು ಅವಳ ಕೈಯಲ್ಲಿದ್ದರೆ ಸಾಕ್ಷಿಯಾದೀತು. ಗಂಡನ ಕೈಯಲ್ಲಿದ್ದರೆ ಅವಳ ಮೇಲೇ ದೂರಾದೀತು. ಯೂರೋಪ್ ಒಕ್ಕೂಟವು ಕೆಲಸದ ಜಾಗ ಮತ್ತು ಶಾಲೆ-ಕಾಲೇಜುಗಳಲ್ಲಿ ಭಾವನೆ ಓದುವ ತಂತ್ರಜ್ಞಾನವನ್ನು, ವೈದ್ಯಕೀಯ ಹಾಗೂ ಸುರಕ್ಷತೆಯ ಕಾರಣ ಬಿಟ್ಟು, 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ಮಾಲೀಕನೂ ನೌಕರನೂ ಸಮಾನರಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಮನೆಗೆ ಮಾತ್ರ ಆ ನಿಷೇಧವಿಲ್ಲ. ಮನೆಯೊಳಗೆ ಎಲ್ಲರೂ ಸಮಾನರೆಂದು ಅವರಿಗೆ ಯಾರು ಹೇಳಿದರೋ! ಹೊಸ್ತಿಲ ಬಳಿ ಕಾನೂನು ನಿಂತುಬಿಡುವುದನ್ನು ನಾವು ಎಷ್ಟು ಸಲ ಕಂಡಿಲ್ಲ?

ಇಂಥ ಯಂತ್ರ ನಮ್ಮ ಮನೆಗಳಿಗೆ ಬರುವ ಮುಂಚೆಯೇ ನಾವು ಕೇಳಬೇಕಾದದ್ದಿದೆ. ಅವಳ ಮಾತಿನ ದಾಖಲೆ ಅವಳದಾಗಿರಬೇಕು. ಯಾರ ಅಪ್ಪಣೆಯೂ ಇಲ್ಲದೆ ಅದನ್ನು ಆರಿಸುವ, ಅಳಿಸುವ ಹಕ್ಕು ಅವಳಿಗಿರಬೇಕು. ಅದು ಏನನ್ನು ಯಾರಿಗೆ ಕಳಿಸುತ್ತದೆಂದು ಕನ್ನಡದಲ್ಲಿ, ಓದಲು ಬಾರದವಳಿಗೂ ತಿಳಿಯುವಂತೆ ಹೇಳಬೇಕು.

ಅಕ್ಕನ ಮಗನನ್ನು ಕೇಳಿದೆ: "ಇದು ಯಾರ ಹೆಸರಲ್ಲಿ ರಿಜಿಸ್ಟರ್ ಆಗುತ್ತಪ್ಪ?"

"ಅದನ್ನ ನೋಡಿಲ್ಲ ಚಿಕ್ಕಮ್ಮ" ಎಂದ.