ತಳ್ಳಿಕೊಂಡು ಹೋಗುವ ಬೈಕಿಗೆ ದಂಡವಿಲ್ಲ

ಮಲ್ಲೇಶ್ವರದ ಸಂಪಿಗೆ ರಸ್ತೆ ಒನ್‌ವೇ. ಪಕ್ಕದ ಮಾರ್ಗೋಸಾ ರಸ್ತೆಯೂ ಒನ್‌ವೇ, ಎದುರು ದಿಕ್ಕಿಗೆ. ಬೇಕಾದ ಅಂಗಡಿ ಒಂದು ಕ್ರಾಸ್ ಹಿಂದೆ ಉಳಿಯಿತೆಂದರೆ ಒಂದು ಸುತ್ತು ಹಾಕಿಯೇ ಬರಬೇಕು. ಸ್ಕೂಟರಿನವರಿಗೆ ಅಷ್ಟು ತಾಳ್ಮೆ ಎಲ್ಲಿಯದು? ಮೊನ್ನೆ ಎಂಟನೇ ಕ್ರಾಸಿನ ಮೂಲೆಯಲ್ಲಿ ಹೂ ಕೊಳ್ಳುತ್ತ ನಿಂತಿದ್ದೆ. ರಾಂಗ್ ಸೈಡಿನಲ್ಲಿ ಬರುತ್ತಿದ್ದ ಹುಡುಗನೊಬ್ಬ ಕಾನ್‌ಸ್ಟೆಬಲ್‌ರನ್ನು ಕಂಡವನೇ ಎಂಜಿನ್ ಆರಿಸಿ, ಕೆಳಗಿಳಿದು ಬೈಕ್ ತಳ್ಳತೊಡಗಿದ.

“ಏನಪ್ಪಾ, ಒನ್‌ವೇ ಅಂತ ಗೊತ್ತಾಗಲ್ವಾ?”

“ತಳ್ಕೊಂಡ್ ಹೋಗ್ತಾ ಇದೀನಿ ಸಾರ್, ಪೆಟ್ರೋಲ್ ಖಾಲಿ.”

ಅವರು ನಕ್ಕು ಕೈಬೀಸಿದರು. ಇಪ್ಪತ್ತು ಹೆಜ್ಜೆ ದಾಟಿದ ಮೇಲೆ ಬೈಕಿಗೆ ತಾನಾಗಿ ಪೆಟ್ರೋಲ್ ಬಂತು.

ಇದನ್ನು ನೋಡಿದವರು “ಪೊಲೀಸರು ಏನೂ ಮಾಡಲ್ಲ” ಅಂದುಬಿಡುತ್ತಾರೆ. ಹಾಗೆನ್ನಲು ನನಗೆ ಮನಸ್ಸು ಬಾರದು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಸಿಗ್ನಲ್ ಹಾರುವವರನ್ನು ಹಿಡಿಯುವ 80 ಕ್ಯಾಮೆರಾ ಬಂದವು. ಅದರ ಬಿಸಿ ನಮ್ಮ ಮನೆಗೂ ತಟ್ಟಿತು. ನನ್ನ ಸ್ಕೂಟರಿನಲ್ಲಿ ಹೆಲ್ಮೆಟ್ ಇಲ್ಲದೆ ಸೊಪ್ಪು ತರಲು ಹೋಗಿದ್ದ ತಂಗಿಯ ಮಗನಿಗಾಗಿ ಮೂರು ವಾರದ ಮೇಲೆ ನನ್ನ ಮೊಬೈಲಿಗೆ 500 ರೂಪಾಯಿ ದಂಡದ ಸಂದೇಶ ಬಂತು. ಫೋಟೋದಲ್ಲಿ ಹ್ಯಾಂಡಲ್‌ಗೆ ನೇತುಬಿದ್ದ ಕೊತ್ತಂಬರಿ ಕಟ್ಟೂ ಕಾಣುತ್ತಿತ್ತು. ವಾದ ಮಾಡಲು ಜಾಗವೇ ಇರಲಿಲ್ಲ. ರಸ್ತೆ ಬದಿಯಲ್ಲಿ “ಇನ್ನೂರು ತಗೊಂಡು ಬಿಟ್ಬಿಡಿ ಸಾರ್” ಎನ್ನುವ ಹಳೆಯ ವ್ಯವಹಾರಕ್ಕೂ ಜಾಗವಿರಲಿಲ್ಲ. ಕ್ಯಾಮೆರಾದ ದೊಡ್ಡ ಉಪಕಾರ ಅದೇ. ಹುಡುಗ ಈಗ ಹಾಲಿಗೆ ಹೋದರೂ ಹೆಲ್ಮೆಟ್ ಹಾಕಿಕೊಳ್ಳುತ್ತಾನೆ.

ಆದರೆ ಕ್ಯಾಮೆರಾ ಬರೆದ ದಂಡ ವಸೂಲಾಗಬೇಕಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಾಗ ಒಂಬತ್ತೇ ದಿನದಲ್ಲಿ 120 ಕೋಟಿ ರೂಪಾಯಿಗೂ ಹೆಚ್ಚು ಜಮೆಯಾಯಿತು. ಜನ ಸಾಲುಗಟ್ಟಿ ಕಟ್ಟಿದರು ಎಂದು ಬೆನ್ನು ತಟ್ಟಿಕೊಳ್ಳಬಹುದು. ಅಲ್ಲಿಯವರೆಗೆ ಅಷ್ಟೂ ಹಣ ಬಾಕಿ ಬಿದ್ದಿತ್ತು ಎನ್ನುವುದೂ ಅದೇ ಲೆಕ್ಕದಲ್ಲಿದೆ. 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ ರಿಯಾಯಿತಿ ಬಂತು. ಆಷಾಢದ ಸೀರೆ ಸೇಲ್‌ಗೆ ಕಾದ ಹಾಗೆ ದಂಡಕ್ಕೂ ಕಾಯುವವರಿದ್ದಾರೆ. ಸಿಗ್ನಲ್‌ನಲ್ಲಿ ಹಿಂದೆ ಕೂತವರು ಕೈ ಚಾಚಿ ನಂಬರ್ ಪ್ಲೇಟ್ ಮುಚ್ಚುವ ಕಲೆ ಬೇರೆ.

ಬಡಾವಣೆಯ ನಿಜವಾದ ಕಾಯಿಲೆ ಪಾರ್ಕಿಂಗ್. ಅಲ್ಲಿ ಮೇಲಿನ ಕ್ಯಾಮೆರಾ ಸೋಲುತ್ತದೆ. ಟೋಯಿಂಗ್ ಹುಡುಗರ ಒರಟಾಟ ಕಂಡು ಜನ ಸಿಡಿದೆದ್ದ ಮೇಲೆ 2022ರ ಆರಂಭದಲ್ಲಿ ಸರ್ಕಾರ ಟೋಯಿಂಗನ್ನೇ ನಿಲ್ಲಿಸಿತು. ನಿಲ್ಲಿಸಿದ್ದು ನನಗೂ ಸಮಾಧಾನವೇ; ಮಗು ಎತ್ತಿಕೊಂಡ ಹೆಂಗಸು ಟೋಯಿಂಗ್ ಲಾರಿಯ ಹಿಂದೆ ಓಡುವುದನ್ನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಕಂಡದ್ದು ಇನ್ನೊಂದು ನೋಟ: ಫುಟ್‌ಪಾತ್ ಮೇಲೇರಿ ನಿಂತ ಕಾರಿನ ಫೋಟೋ ತೆಗೆದು ಪೊಲೀಸರು ಹೋಗುತ್ತಾರೆ, ದಂಡ ಮಾಲೀಕರ ಮೊಬೈಲಿಗೆ ಹೋಗುತ್ತದೆ, ಕಾರು ಸಂಜೆಯವರೆಗೂ ಅಲ್ಲೇ ಇರುತ್ತದೆ. ಕೋಲೂರಿಕೊಂಡು ಬಂದ ಅಜ್ಜಿ ರಸ್ತೆಗಿಳಿದು ನಡೆಯುತ್ತಾರೆ.

ಪೊಲೀಸರ ಕಡೆಯ ಮಾತನ್ನೂ ಕೇಳಬೇಕು. ನಗರದಲ್ಲಿ ನೋಂದಾಯಿತ ವಾಹನಗಳು 1 ಕೋಟಿ ದಾಟಿವೆ. ಮಲ್ಲೇಶ್ವರ ರೂಪುಗೊಂಡದ್ದು 1898ರ ಪ್ಲೇಗಿನ ಕಾಲಕ್ಕೆ, ಜಟಕಾ ಗಾಡಿಗಳ ಲೆಕ್ಕದಲ್ಲಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಬಾಳೆಕಂದು, ತಾವರೆ, ಸೇವಂತಿಗೆ ರಾಶಿ ಅರ್ಧ ರಸ್ತೆಗೆ ಬಂದಿರುತ್ತವೆ. ಆಗ ಒಬ್ಬ ಸ್ಕೂಟರಿನವನನ್ನು ಹಿಡಿದು ಲೈಸೆನ್ಸ್ ನೋಡುತ್ತ ನಿಂತರೆ ಹಿಂದಿನ ಬಸ್ಸು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸೀಟಿ ಊದಿ ಜನರನ್ನು ಮುಂದಕ್ಕೆ ತಳ್ಳುವ ಕಾನ್‌ಸ್ಟೆಬಲ್ ಒಂದು ದಂಡವನ್ನೂ ಹಾಕದೆ ಅಂದಿನ ಕೆಲಸ ಚೆನ್ನಾಗಿಯೇ ಮಾಡಿರುತ್ತಾರೆ. ದಂಡದ ಮೊತ್ತದಿಂದ ಅವರ ಕೆಲಸ ಅಳೆಯುವವರು ಆ ಸಂಜೆ ಅಲ್ಲಿ ನಿಂತು ನೋಡಬೇಕು.

ಒಟ್ಟಿನಲ್ಲಿ ನನಗನ್ನಿಸುವುದು ಇಷ್ಟು. ಹೆಲ್ಮೆಟ್, ಸಿಗ್ನಲ್ ವಿಷಯದಲ್ಲಿ ಜಾರಿ ಕೆಲಸ ಮಾಡುತ್ತಿದೆ. ಒನ್‌ವೇ, ಫುಟ್‌ಪಾತ್ ವಿಷಯದಲ್ಲಿ ಬಹುಪಾಲು ಸೋತಿದೆ. ಆ ಸೋಲನ್ನು ಪೂರ್ತಿ ಪೊಲೀಸರ ತಲೆಗೆ ಕಟ್ಟಲಾಗದು. ಗಾಡಿ ಎಲ್ಲಿ ನಿಲ್ಲಿಸಬಹುದು ಎಂದು ಗೆರೆ ಎಳೆದು ತೋರಿಸಬೇಕಾದದ್ದು ಪಾಲಿಕೆ. ಗೆರೆ ಬಿದ್ದ ಮೇಲೆ ಸಂಜೆ ಎರಡು ಗಂಟೆ ಕ್ರಾಸ್‌ಗಳಲ್ಲಿ ಕಾಲ್ನಡಿಗೆಯ ಗಸ್ತು ಹಾಕಲಿ, ಫುಟ್‌ಪಾತ್ ಮೇಲಿನ ಕಾರಿನ ಚಕ್ರಕ್ಕೆ ಬೀಗ ಜಡಿಯಲಿ.

ಅದಾಗುವವರೆಗೆ ನೀವೂ ಒಮ್ಮೆ ನಿಮ್ಮ ಗಾಡಿಯ ನಂಬರ್ ಹಾಕಿ ಬಾಕಿ ಎಷ್ಟಿದೆ ನೋಡಿಕೊಳ್ಳಿ. ಇದ್ದರೆ ಕಟ್ಟಿಬಿಡಿ, ಮುಂದಿನ ರಿಯಾಯಿತಿಗೆ ಕಾಯಬೇಡಿ.