ಗಣಕದ ಸಾರಥಿಗಳು

ಗಣಕಯಂತ್ರದ ಒಂದೊಂದು ಅಂಗಕ್ಕೂ ಒಬ್ಬೊಬ್ಬ ಸಾರಥಿಯುಂಟು. ಪ್ರಿಂಟರಿಗೆ, ಧ್ವನಿಗೆ, ವೈಫೈಗೆ ಹೇಳಿದ ಮಾತನ್ನು ತಿಳಿಸುವ ಈ ಕಿರುತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ವಿಂಡೋಸ್ 10ರ ವಾಡಿಕೆಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ, ಹಳೆಯದನ್ನು ಅಳಿಸಿ ಹೊಸದನ್ನು ಸ್ಥಾಪಿಸಹೊರಟವರು ಅನೇಕರು. ಅಳಿಸಿದೊಡನೆ ಸಾರಥಿಗಳೂ ಅಳಿಯುತ್ತಾರೆ. ಹಲವರು ತಾವಾಗಿ ಮರಳುವುದು ನಿಜ. ವೈಫೈಯ ಸಾರಥಿಯೇ ಬಾರದಿದ್ದರೆ? ಅವನನ್ನು ಕರೆತರಲು ಅಂತರಜಾಲ ಬೇಕು, ಅಂತರಜಾಲಕ್ಕೆ ಅವನೇ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು!

ಮಣಿಪಾಲದ ವಿದ್ಯಾರ್ಥಿಗೆ ಪಕ್ಕದ ಕೋಣೆಯಲ್ಲಿಯೇ ಬಲ್ಲವರು ಸಿಕ್ಕಾರು. ಕಾರ್ಕಳದ ಮನೆಯಲ್ಲಿ, ಕಾಪುವಿನ ಜೆರಾಕ್ಸ್ ಅಂಗಡಿಯಲ್ಲಿ ಹಾಗಲ್ಲ. ಹಳೆಯ ಪ್ರಿಂಟರಿನ ಸಿ.ಡಿ. ಎಂದೋ ಕಳೆದಿರುತ್ತದೆ, ಮಗಳ ಕಾಲೇಜಿನ ಅರ್ಜಿಗೆ ಅಂದೇ ಕಡೆಯ ದಿನವಾಗಿರುತ್ತದೆ.

ಉಪಾಯಕ್ಕೆ ಕಾಸು ಬೇಡ. ಅಳಿಸುವ ಮುನ್ನ, ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ಕಮಾಂಡ್ ಪ್ರಾಂಪ್ಟನ್ನು ತೆರೆದು, ವಿಂಡೋಸಿನಲ್ಲಿಯೇ ಇರುವ ‘ಡಿಸ್ಮ್’ ಸಾಧನಕ್ಕೆ ‘ಎಕ್ಸ್‌ಪೋರ್ಟ್ ಡ್ರೈವರ್’ ಆಜ್ಞೆಯನ್ನು ಕೊಟ್ಟರೆ, ಹೊರಗಿನ ಕಂಪನಿಗಳ ಡ್ರೈವರುಗಳೆಲ್ಲ ಹೇಳಿದ ಫೋಲ್ಡರಿಗೆ ಬಂದು ಸೇರುತ್ತವೆ. ಫೋಲ್ಡರು ಪೆನ್‌ಡ್ರೈವಿನಲ್ಲಿರಬೇಕು, ಅಳಿಸಲಿರುವ ಡಿಸ್ಕಿನಲ್ಲಿಯೇ ಇಟ್ಟರೆ ಇಟ್ಟೂ ಇಡದಂತೆ. ಮುಂದೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಹೊತ್ತ ಅಂಗವನ್ನಾರಿಸಿ, ‘ಅಪ್‌ಡೇಟ್ ಡ್ರೈವರ್’ ಎಂದು ಆ ಫೋಲ್ಡರನ್ನು ತೋರಿಸಿದರಾಯಿತು. ಒಂದು ಯಂತ್ರದ ಮೂಟೆ ಬೇರೊಂದು ಮಾದರಿಯ ಯಂತ್ರಕ್ಕೆ ಒದಗೀತೆಂಬ ಭರವಸೆ ಬೇಡ.

ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ನೆನೆಯಬೇಕು. ಕೆ. ಪಿ. ರಾಯರ ಕೀಲಿಮಣೆ ವಿನ್ಯಾಸವನ್ನು ಒದಗಿಸುವ ‘ನುಡಿ’ ತಂತ್ರಾಂಶ ಈ ಮೂಟೆಯೊಳಗೆ ಬರುವುದಿಲ್ಲ. ಅದರ ಸ್ಥಾಪನೆಯ ಕಡತವನ್ನು ಅದೇ ಪೆನ್‌ಡ್ರೈವಿನಲ್ಲಿ ಬೇರೆಯಾಗಿ ಇರಿಸಿಕೊಳ್ಳತಕ್ಕದ್ದು.