ಮನೆಗೆ ಬರುವ ಕೆಲಸ, ಮೊದಲೇ ಕೇಳುವ ಹಣ

ಮನೆಯಲ್ಲೇ ಕುಳಿತು ಮಾಡುವ ಕೆಲಸ ಕಾಸರಗೋಡಿಗೆ ಹೊಸದಲ್ಲ. ಗಣಕಯಂತ್ರ ಬರುವುದಕ್ಕೆ ದಶಕಗಳ ಮೊದಲೇ ಇಲ್ಲಿನ ಜಗಲಿಗಳಲ್ಲಿ ಹೆಂಗಸರು ಮಡಿಲ ಮೇಲೆ ಗೆರಸೆಯಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ, ಹೊಗೆಸೊಪ್ಪು ಗುತ್ತಿಗೆದಾರನಿಂದ ಬರುತ್ತಿದ್ದವು. ಕಟ್ಟಿದ ಬೀಡಿ ಅವನಲ್ಲಿಗೆ ಹೋಗುತ್ತಿತ್ತು. ಸಾವಿರಕ್ಕೆ ಇಷ್ಟೆಂದು ಕೂಲಿ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಆ ದುಡಿಮೆಯಲ್ಲಿ ಶೋಷಣೆ ಇರಲಿಲ್ಲವೆಂದು ಯಾರೂ ಹೇಳಲಾರರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕುಳಿತು ಕಟ್ಟುವವರನ್ನೂ ನೌಕರರೆಂದೇ ಗಣಿಸಬೇಕಾಗಿ ಬಂದುದು ಸುಮ್ಮನೆ ಅಲ್ಲ. ಆದರೆ ‘ಮೊದಲು ನೀನು ಐನೂರು ರೂಪಾಯಿ ಕಟ್ಟು, ಆಮೇಲೆ ಎಲೆ ಕೊಡುತ್ತೇನೆ’ ಎಂದು ಯಾರಾದರೂ ಕೇಳಿದ್ದರೆ, ಅಕ್ಷರ ಬಾರದ ಅಜ್ಜಿಯೂ ಅವನನ್ನು ಅಂಗಳದಿಂದಲೇ ಹಿಂದಕ್ಕೆ ಕಳುಹಿಸುತ್ತಿದ್ದಳು. ಕೆಲಸ ಕೊಡುವವನ ಕೈಯಿಂದ ಹಣ ಈಚೆಗೆ ಬರಬೇಕು ಎಂಬುದು ಅವಳಿಗೆ ತಿಳಿದಿತ್ತು.

ಆ ಅಜ್ಜಿಯ ಮೊಮ್ಮಕ್ಕಳು ಇಂದು ಪದವಿ ತರಗತಿಗಳಲ್ಲಿದ್ದಾರೆ. ‘ಮನೆಯಲ್ಲೇ ಕುಳಿತು ಸಂಪಾದಿಸಿ, ಅನುಭವ ಬೇಕಿಲ್ಲ’ ಎಂಬ ಸಂದೇಶ ಅವರ ಮೊಬೈಲಿಗೆ ಬರುತ್ತದೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಗೃಹ ಸಚಿವಾಲಯದ ಶಿಫಾರಸಿನ ಮೇರೆಗೆ ಇಂಥ ವಂಚನೆಯಲ್ಲಿ ತೊಡಗಿದ್ದ 100ಕ್ಕೂ ಹೆಚ್ಚು ಜಾಲತಾಣಗಳನ್ನು ನಿರ್ಬಂಧಿಸಲಾಯಿತು. ನಿವೃತ್ತರು, ಮಹಿಳೆಯರು, ಕೆಲಸ ಹುಡುಕುವ ಯುವಜನರು ಇವರ ಮುಖ್ಯ ಗುರಿಯೆಂದು ಆಗ ಪ್ರಕಟಣೆ ಹೇಳಿತ್ತು. ವಿಧಾನವೂ ಬಹುಮಟ್ಟಿಗೆ ಒಂದೇ. ವಿಡಿಯೊಗೆ ಮೆಚ್ಚುಗೆ ಒತ್ತುವುದು, ನಕ್ಷೆಯಲ್ಲಿ ಯಾವುದೋ ಹೋಟೆಲಿಗೆ ಅಂಕ ಕೊಡುವುದು ಮೊದಲ ದಿನದ ಕೆಲಸ. ಸಂಜೆಗೆ ನೂರಿನ್ನೂರು ರೂಪಾಯಿ ನಿಜವಾಗಿಯೇ ಖಾತೆಗೆ ಬರುತ್ತದೆ. ಮೋಸದ ಜೀವಾಳ ಇರುವುದು ಈ ಸಣ್ಣ ಪ್ರಾಮಾಣಿಕತೆಯಲ್ಲಿ. ಬಳಿಕ ‘ಹೆಚ್ಚಿನ ಕೆಲಸ’ಕ್ಕೆ ಸಾವಿರ, ಐದು ಸಾವಿರ, ಐವತ್ತು ಸಾವಿರ ಠೇವಣಿ. ಪರದೆಯ ಮೇಲೆ ಲಾಭ ಬೆಳೆಯುತ್ತಲೇ ಇರುತ್ತದೆ. ಹಿಂಪಡೆಯಲು ಹೋದಾಗ ತೆರಿಗೆಯ ಹೆಸರಿನಲ್ಲಿ ಇನ್ನೊಂದು ಕಂತು ಕಟ್ಟಬೇಕೆನ್ನುತ್ತಾರೆ.

ಇನ್ನೊಂದು ಬಗೆಯದು ಭಾಷಾ ವಿದ್ಯಾರ್ಥಿಗಳಿಗೆ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಓದುಬರಹದ ವೇಷದಲ್ಲೇ ಬರುತ್ತದೆ. ಪುಟಗಳನ್ನು ಬೆರಳಚ್ಚು ಮಾಡಿಕೊಡುವ ಕೆಲಸಕ್ಕೆ ಒಪ್ಪಂದ ಪತ್ರವೊಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ವಾರವಿಡೀ ನಿದ್ದೆಗೆಟ್ಟು ಮುಗಿಸಿದ ಮೇಲೆ ‘ತಪ್ಪುಗಳು ಮಿತಿ ಮೀರಿವೆ, ಒಪ್ಪಂದ ಮುರಿದಿದ್ದೀರಿ’ ಎಂದು ವಕೀಲರ ಹೆಸರಿನಲ್ಲಿ ನೋಟೀಸು ಬರುತ್ತದೆ. ನ್ಯಾಯಾಲಯದ ಹೆಸರು ಕೇಳಿಯೇ ನಡುಗುವ ಹುಡುಗಿ ಕಿವಿಯೋಲೆ ಅಡವಿಟ್ಟಾದರೂ ದಂಡ ಕಟ್ಟುತ್ತಾಳೆ. ಕೂಲಿ ಕೊಡಬೇಕಾದವನೇ ದಂಡ ವಸೂಲು ಮಾಡುವ ಈ ಏರ್ಪಾಡನ್ನು ಬೀಡಿಯ ಗುತ್ತಿಗೆದಾರನೂ ಕಂಡಿರಲಾರ. ಇದಕ್ಕಿಂತಲೂ ಕೆಟ್ಟದ್ದು ಬ್ಯಾಂಕ್ ಖಾತೆಯನ್ನು ‘ಬಾಡಿಗೆ’ಗೆ ಕೊಡುವ ಕೆಲಸ. ಬೇರೆಯವರಿಂದ ದೋಚಿದ ಹಣ ಆ ಖಾತೆಯ ಮೂಲಕ ಹರಿಯುತ್ತದೆ. ಪೊಲೀಸರು ಮೊದಲು ಬರುವುದು ಖಾತೆದಾರನ ಮನೆಗೆ.

ಇದು ಕನ್ನಡ ವಿಭಾಗದ ಚಿಂತೆಯಾಗಬೇಕೇ ಎಂದು ಕೆಲವರು ಕೇಳಬಹುದು. ಆಗಲೇಬೇಕು. ವಂಚನೆಯ ಈ ಸಂದೇಶವೂ ಒಂದು ಪಠ್ಯ. ಅದನ್ನು ಬಿಡಿಸಿ ಓದುವುದನ್ನು ಕಲಿಸಬೇಕಾದವರು ಪಠ್ಯ ಓದಿಸುವವರೇ. ಹಿಂದೆ ತಪ್ಪು ವ್ಯಾಕರಣವೇ ಸುಳ್ಳನ್ನು ಬಯಲಿಗೆಳೆಯುತ್ತಿತ್ತು. ಈಗ ಯಂತ್ರಗಳು ಅಚ್ಚುಕಟ್ಟಾದ ಕನ್ನಡವನ್ನೇ ಬರೆದುಕೊಡುತ್ತವೆ. ಆದ್ದರಿಂದ ಭಾಷೆಯ ಅಂದವನ್ನು ನೋಡಿ ನಂಬುವಂತಿಲ್ಲ. ಕೇಳುತ್ತಿರುವವರು ಯಾರು, ಹಣ ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬುದನ್ನೇ ಓದಬೇಕು. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಒತ್ತಬೇಕಿಲ್ಲ ಎಂಬ ಒಂದು ಸಂಗತಿ ಗೊತ್ತಿದ್ದರೂ ಎಷ್ಟೋ ಮನೆಗಳು ಉಳಿಯುತ್ತವೆ.

ಮನೆಯಿಂದ ಮಾಡಬಹುದಾದ ನಿಜವಾದ ಕೆಲಸ ಇಲ್ಲವೆಂದಲ್ಲ. ಕನ್ನಡ, ಮಲಯಾಳ, ತುಳು ಮೂರನ್ನೂ ಬಲ್ಲ ಗಡಿನಾಡಿನ ವಿದ್ಯಾರ್ಥಿಗೆ ಅನುವಾದ, ಕರಡು ತಿದ್ದುವಿಕೆ, ಉಪಶೀರ್ಷಿಕೆ, ಧ್ವನಿಮುದ್ರಿಕೆಗಳ ಲಿಪೀಕರಣ ಸಹಜವಾಗಿ ಒಲಿಯುವ ಕೆಲಸಗಳು. ಅವುಗಳ ಗುರುತೂ ಬೇರೆ. ಅನುಭವ ಬೇಕಿಲ್ಲ ಎಂದು ಅವು ಆಮಿಷ ಒಡ್ಡುವುದಿಲ್ಲ. ಒಂದು ಪುಟದ ಮಾದರಿ ಕೇಳಿ, ಇಷ್ಟವಾಗದಿದ್ದರೆ ಮುಲಾಜಿಲ್ಲದೆ ನಿರಾಕರಿಸುತ್ತವೆ. ಪದಕ್ಕೆ ಅಥವಾ ನಿಮಿಷಕ್ಕೆ ಇಷ್ಟೆಂದು ದರವಿರುತ್ತದೆ. ಆ ದರ ಬಹಳ ಸಲ ಬೇಸರ ತರುವಷ್ಟು ಕಡಿಮೆ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಅನುವಾದ ಮಿಷನ್ನಿನ ಹೆಸರು ಅಂತಿಮ ವರ್ಷದ ಎಷ್ಟು ವಿದ್ಯಾರ್ಥಿಗಳ ಕಿವಿಗೆ ಬಿದ್ದಿದೆ? ನಿಜದ ಬಾಗಿಲನ್ನು ತೋರಿಸದೆ ಸುಳ್ಳಿನ ಬಾಗಿಲ ಮುಂದೆ ಎಚ್ಚರಿಕೆಯ ಫಲಕ ಮಾತ್ರ ತೂಗುಹಾಕಿದರೆ ಅದು ಅರ್ಧ ಕೆಲಸ.

ಮೋಸಹೋದವರ ಮೌನ ಇನ್ನೊಂದು ವಿಷಯ. ‘ಓದಿದವಳಾಗಿಯೂ ಬಿದ್ದೆಯಾ’ ಎಂಬ ಮಾತಿಗೆ ಹೆದರಿ ಅವರು ಮನೆಯಲ್ಲೂ ಹೇಳುವುದಿಲ್ಲ. ಅಷ್ಟರಲ್ಲಿ ಹಣ ಹತ್ತು ಖಾತೆ ದಾಟಿರುತ್ತದೆ. 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕೂಡಲೇ ಕರೆ ಮಾಡಿದರೆ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆಯಿದೆ. ತಡವಾದಷ್ಟೂ ಅದು ಕ್ಷೀಣಿಸುತ್ತದೆ. ಗಡಿನಾಡಿನ ಕನ್ನಡಿಗರಿಗೆ ಇನ್ನೂ ಒಂದು ಅಳುಕು: ಠಾಣೆಯಲ್ಲಿ ದೂರನ್ನು ಮಲಯಾಳದಲ್ಲಿ ಬರೆಯಬೇಕಾದೀತು, ತಪ್ಪಾದರೆ ನಗುತ್ತಾರೆ. ಆದರೆ ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಪತ್ರಲೇಖನದ ತರಗತಿಯಲ್ಲಿ ರಜೆಯ ಅರ್ಜಿಯನ್ನು ವರ್ಷವರ್ಷವೂ ಬರೆಸುವುದುಂಟು. ಈ ವರ್ಷ ಅದರ ಬದಲಿಗೆ ಇಂಥದೊಂದು ದೂರನ್ನು ಬರೆಸಬಹುದು: ದಿನಾಂಕ, ಮೊತ್ತ, ವಹಿವಾಟಿನ ಸಂಖ್ಯೆ, ಬಂದ ಸಂದೇಶದ ಪ್ರತಿ, ಎಲ್ಲವೂ ಕನ್ನಡದಲ್ಲಿ.